ಲೂಸಿಯ ನಗು ಡಬ್ಬಿಯದಲ್ಲ

ಅಮೆರಿಕದ ಕಾಮಿಡಿ ಸೀರಿಯಲ್ ಮಾತೆತ್ತಿದರೆ ಸಾಕು, ಊರಿನವರ ತೀರ್ಪು ರೆಡಿ: ‘ಅಯ್ಯೋ ಅದಾ, ನಗೋದಕ್ಕೂ ಅವರೇ ರೆಕಾರ್ಡ್ ಹಾಕ್ತಾರಲ್ಲ!’ ಮೊನ್ನೆ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ‘ಡಬ್ಬಿ ನಗು’ವಿನ ಮಾತು, ಅದೂ ‘ಐ ಲವ್ ಲೂಸಿ’ ಎಂಬ ಹಳೇ ಟಿವಿ ಹಾಸ್ಯದಲ್ಲಿ ಲೂಸಿಯಾಗಿದ್ದ ನಟಿ ಲುಸಿಲ್ ಬಾಲ್ ವಿಷಯಕ್ಕೆ. ಅತ್ತೆ ಕಣ್ಣು ಕೆಕ್ಕರಿಸಿದಾಗಲೆಲ್ಲ ಮೂರು ಸಲ ‘ಢಂ’ ಅನ್ನಿಸಿ ಮೂರು ಕೋನದಿಂದ ತೋರಿಸುವವರ ನಾಡಿನಿಂದ ಈ ಮಾತು ಬಂದರೆ ಉರಿಯದೆ ಇರುತ್ತದೆಯೇ?

ಲುಸಿಲ್ ಹುಟ್ಟಿದ್ದು 1911ರಲ್ಲಿ, ಬಫಲೋದಿಂದ ಒಂದೂವರೆ ಗಂಟೆ ದಾರಿಯ ಜೇಮ್ಸ್‌ಟೌನ್‌ನಲ್ಲಿ. ನ್ಯೂಯಾರ್ಕಿನ ನಾಟಕ ಶಾಲೆ ‘ಈಕೆಗೆ ಇದು ಒಗ್ಗುವುದಿಲ್ಲ’ ಎಂದು ವಾಪಸು ಕಳಿಸಿತ್ತು. ಹಾಲಿವುಡ್‌ನಲ್ಲಿ ಮೊದಲು ಗುಂಪಿನ ಹುಡುಗಿ, ಆಮೇಲೆ ಆರ್‌ಕೆಒ ಸ್ಟುಡಿಯೋದ ಸಂಬಳದ ನಟಿ, ಹೆಚ್ಚಿಗೆ ಸಿಕ್ಕಿದ್ದು ಎರಡನೇ ದರ್ಜೆಯ ಚಿತ್ರಗಳು. 1948ರಲ್ಲಿ ಶುರುವಾದ ಅವಳ ರೇಡಿಯೋ ಹಾಸ್ಯ ಗೆದ್ದಾಗ ಸಿಬಿಎಸ್ ಚಾನೆಲ್ ಅದನ್ನೇ ಟಿವಿಗೆ ತರಲು ಕೇಳಿತು. ಗಂಡನ ಪಾತ್ರಕ್ಕೆ ನನ್ನ ಗಂಡನೇ ಆಗಬೇಕು ಎಂದಳು. ದೇಸಿ ಅರ್ನಾಜ್ ಕ್ಯೂಬಾದವನು, ಅವನ ಇಂಗ್ಲಿಷ್ ಕೇಳಿ ಚಾನೆಲ್‌ನವರು ಹಿಂದೆಮುಂದೆ ನೋಡಿದರು. ಗಂಡ ಹೆಂಡತಿ ಇಬ್ಬರೂ 1950ರಲ್ಲಿ ಊರೂರು ಸುತ್ತಿ ವೇದಿಕೆ ಮೇಲೆ ಆಡಿ ತೋರಿಸಿದ ಮೇಲೆ ಚಾನೆಲ್‌ನವರು ಬಾಯಿ ಮುಚ್ಚಿಕೊಂಡರು. 1951ರ ಅಕ್ಟೋಬರ್ 15ಕ್ಕೆ ‘ಐ ಲವ್ ಲೂಸಿ’ ಶುರುವಾದಾಗ ಅವಳಿಗೆ ನಲವತ್ತು. ನಮ್ಮಲ್ಲಾದರೆ ಆ ವಯಸ್ಸಿಗೆ ನಾಯಕನ ಅಮ್ಮನ ಪಾತ್ರ ಕೊಟ್ಟು ಪಕ್ಕಕ್ಕೆ ಕೂರಿಸಿರುತ್ತಿದ್ದರು.

ಆ ಕಾಲದಲ್ಲಿ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರ. ಪಶ್ಚಿಮ ಕರಾವಳಿಗೆ ಹೋಗುತ್ತಿದ್ದದ್ದು ಟಿವಿ ಪರದೆಗೇ ಕ್ಯಾಮೆರಾ ಹಿಡಿದು ತೆಗೆದ ಮಸುಕು ಪ್ರತಿ. ಲೂಸಿ ದಂಪತಿ ಹಾಲಿವುಡ್ ಬಿಡಲು ಒಪ್ಪಲಿಲ್ಲ. 35 ಎಂಎಂ ಫಿಲ್ಮ್‌ನಲ್ಲೇ ತೆಗೆಯೋಣ, ಎದುರಿಗೆ ಜನ ಕೂತಿರಲಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಲಿ ಅಂದರು. ತೊಡಕು ಲೈಟಿನದು. ಸಿನಿಮಾದಲ್ಲಿ ಕೋನ ಬದಲಾದಂತೆ ದೀಪ ಬದಲಿಸುತ್ತಾರೆ. ಇಲ್ಲಿ ದೂರದ ಶಾಟ್, ಹತ್ತಿರದ ಶಾಟ್ ಎಲ್ಲಕ್ಕೂ ಒಂದೇ ಬೆಳಕು ಸಾಲಬೇಕು. ಜರ್ಮನಿಯಿಂದ ಬಂದಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ದೀಪಗಳನ್ನೆಲ್ಲ ಮೇಲಕ್ಕೆ ತೂಗುಹಾಕಿ, ಕ್ಯಾಮೆರಾ ಗಾಡಿಗಳು ಓಡಾಡಲು ನೆಲ ಖಾಲಿ ಮಾಡಿಸಿದ. ಟಿವಿಯಲ್ಲಿ ಕಪ್ಪು ಇನ್ನೂ ಕಪ್ಪಾಗಿ, ಬಿಳಿ ಕಣ್ಣಿಗೆ ರಾಚುತ್ತದೆಂದು ಸೆಟ್ಟಿಗೆಲ್ಲ ಬೂದು ಛಾಯೆಗಳನ್ನೇ ಬಳಿಸಿದ. ಪ್ರೇಕ್ಷಕರಿಗೆ ಸುಮಾರು 300 ಸೀಟು, ತಲೆಯ ಮೇಲೆ ಮೈಕು. ಲೂಸಿ ಎಡವಟ್ಟು ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ, ಪ್ರೇಕ್ಷಕರ ನಡುವೆ ಕೂತ ಲುಸಿಲ್‌ಳ ಅಮ್ಮ ‘ಅಯ್ಯಯ್ಯೋ’ ಎಂಬಂತೆ ಉದ್ಗರಿಸುವುದು ಹಲವು ಕಂತುಗಳಲ್ಲಿ ಇವತ್ತಿಗೂ ಕೇಳುತ್ತದೆ. ಇದಾ ಡಬ್ಬಿ ನಗು?

ನಾಲ್ಕು ದಿನ ರಿಹರ್ಸಲ್, ಐದನೇ ದಿನ ರಾತ್ರಿ ಜನರ ಮುಂದೆ ಚಿತ್ರೀಕರಣ. ಅಪಾಯ ಅನ್ನಿಸಿದ ಸರ್ಕಸ್ಸನ್ನು ಲೇಖಕಿ ಮ್ಯಾಡಲಿನ್ ಪ್ಯೂ ಮೊದಲು ತಾನೇ ಮಾಡಿ ನೋಡುತ್ತಿದ್ದಳು. ಚಾಕೊಲೇಟ್ ಕಾರ್ಖಾನೆಯ ಕಂತು ನೋಡಿ. ‘ಒಂದು ತುಂಡು ಸುತ್ತದೆ ಹೋದರೂ ಕೆಲಸದಿಂದ ತೆಗೆಯುತ್ತೇನೆ’ ಅನ್ನುವ ಬೆದರಿಕೆ ಮೊದಲೇ ಬಿದ್ದಿರುತ್ತದೆ. ಬೆಲ್ಟ್ ನಿಧಾನಕ್ಕೆ ಬರುತ್ತದೆ, ಲೂಸಿ ಮತ್ತು ಅವಳ ಗೆಳತಿ ಎಥೆಲ್ ಆರಾಮಾಗಿ ಕಾಗದ ಸುತ್ತುತ್ತಾರೆ, ನಮಗೂ ಧೈರ್ಯ. ಆಮೇಲೆ ವೇಗ. ತಪ್ಪಿದ್ದು ಬಾಯಿಗೆ, ಟೋಪಿಯೊಳಗೆ, ರವಿಕೆಯೊಳಗೆ. ಮೇಲ್ವಿಚಾರಕಿ ಬಂದು ಖಾಲಿ ಬೆಲ್ಟ್ ನೋಡಿ ಖುಷಿಯಾಗಿ, ಇನ್ನೂ ಜೋರಾಗಿ ಓಡಿಸಿ ಅಂತಾಳೆ. ಆ ಬೆದರಿಕೆ, ಆ ಆರಾಮಿನ ಹೊತ್ತು ಎರಡರಲ್ಲಿ ಒಂದನ್ನು ಕತ್ತರಿಸಿದರೂ ಇಬ್ಬರು ಹೆಂಗಸರು ಚಾಕೊಲೇಟ್ ತುರುಕಿಕೊಳ್ಳುವುದು ಬರೀ ಗಲಾಟೆ ಆಗುತ್ತದೆ. 1957ರ ಟ್ಯಾಂಗೋ ಕಂತಿನಲ್ಲಿ ಅಂಗಿಯೊಳಗೆ ಮೊಟ್ಟೆ ಬಚ್ಚಿಟ್ಟುಕೊಂಡು ಕುಣಿಯುತ್ತಾಳೆ. ಹೆಜ್ಜೆಯೆಲ್ಲ ರಿಹರ್ಸಲ್‌ನಲ್ಲಿ ಕುದುರಿಸಿಕೊಂಡು, ನಿಜವಾದ ಮೊಟ್ಟೆಯನ್ನು ಮಾತ್ರ ಕೊನೆಯ ರಾತ್ರಿಗೆ ಉಳಿಸಿದ್ದರು. ಗಂಡ ಬಂದು ಎದೆಗೆ ಡಿಕ್ಕಿ ಹೊಡೆದಾಗ ಲೋಳೆ ಇಳಿಯುವ ಆ ಮುಖ ಹಾಗಾಗಿ ಅಷ್ಟು ತಾಜಾ. ಜನ ಎಷ್ಟು ಹೊತ್ತು ನಕ್ಕರೆಂದರೆ ಎಡಿಟಿಂಗ್‌ನಲ್ಲಿ ನಗುವನ್ನೇ ಕತ್ತರಿಸಬೇಕಾಯಿತು!

ಇನ್ನು ನಮ್ಮ ಕಡೆ ಬನ್ನಿ. ಸೀನ್ ಪೇಪರ್ ಬರುವುದೇ ಬೆಳಿಗ್ಗೆ ಸೆಟ್ಟಿಗೆ. ಕ್ಯಾಮೆರಾ ಹಿಂದಿನಿಂದ ಅಸಿಸ್ಟೆಂಟ್ ಸಾಲು ಹೇಳಿಕೊಡುತ್ತಾನೆ, ಕಲಾವಿದರು ಒಪ್ಪಿಸುತ್ತಾರೆ. ಪ್ರಾಂಪ್ಟಿಂಗ್‌ಗೆ ಕಿವಿ ಕೊಟ್ಟವರ ಕಣ್ಣು ಎದುರಿನವರ ಮೇಲೆ ಇರುವುದಿಲ್ಲ. ಟೈಮಿಂಗ್ ಹೋಗುವುದು ಅಲ್ಲೇ. ಹೋದದ್ದನ್ನು ‘ಟೊಯ್ಯಿಂಗ್’ ಅನ್ನುವ ಸದ್ದು ಹಾಕಿ ಮುಚ್ಚುತ್ತಾರೆ. ಕಲಾವಿದರು ಕಡಿಮೆಯವರಲ್ಲ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನಗಿಸಿದ್ದು ಅವರ ತಾಕತ್ತಿನಿಂದ, ನಾಲ್ಕು ದಿನದ ತಯಾರಿಯಿಂದಲ್ಲ. ಜನರ ಎದುರು ನಿಂತು, ಚಪ್ಪಾಳೆ ಇಳಿಯುವವರೆಗೆ ಕಾದು ಮುಂದಿನ ಮಾತು ಎತ್ತುವ ವಿದ್ಯೆ ಕಂಪನಿ ನಾಟಕದವರಿಗೆ ಕರತಲಾಮಲಕವಾಗಿತ್ತು. ಟಿವಿ ಬಂದಾಗ ಅದನ್ನು ಟೆಂಟಿನಲ್ಲೇ ಬಿಟ್ಟು ಬಂದೆವು. ಬೆಂಗಳೂರು ಜೆಪಿ ನಗರದ ರಂಗಶಂಕರ ನಾಟಕಮಂದಿರದಲ್ಲೂ ಹೆಚ್ಚುಕಮ್ಮಿ ಲೂಸಿಯ ಸೆಟ್ಟಿನಷ್ಟೇ ಸೀಟು. ಮೂರು ಕ್ಯಾಮೆರಾ ತಂದಿಡಿ, ನಗುವವರು ಟಿಕೆಟ್ ಕೊಟ್ಟು ಒಳಗೆ ಬಂದು ಕೂತಿರುತ್ತಾರೆ.

ಹೋಗಲಿ, ಒಪ್ಪಬೇಕಾದ್ದನ್ನೂ ಒಪ್ಪೋಣ. ಡಬ್ಬಿ ನಗುವನ್ನು ಕಂಡುಹಿಡಿದವರೂ ಅಮೆರಿಕದವರೇ, ಅದರಲ್ಲಿ ದಶಕಗಟ್ಟಲೆ ಮುಳುಗೆದ್ದವರೂ ಅವರೇ. ತಯಾರಿ ಇದ್ದರೆ ಎಲ್ಲ ಗೆಲ್ಲುತ್ತದೆ ಎಂದೂ ಇಲ್ಲ: ಎಪ್ಪತ್ತೈದರ ಲೂಸಿ 1986ರಲ್ಲಿ ಮತ್ತೆ ಬಂದಾಗ ಚಾನೆಲ್ ಎಂಟೇ ಕಂತಿಗೆ ಅಂಗಡಿ ಮುಚ್ಚಿಸಿತು. ‘ಐ ಲವ್ ಲೂಸಿ’ಯದ್ದು ವಾರಕ್ಕೊಂದು ಕಂತು, ಆರು ವರ್ಷಕ್ಕೆ 180. ನಮ್ಮವರು ವಾರಕ್ಕೆ ಐದಾರು ಕಂತು ಕೊಡಬೇಕು, ಲೂಸಿಯ ಆರು ವರ್ಷ ನಮ್ಮಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ರಿಹರ್ಸಲ್ ದಿನಗಳ ಬಾಟಾ, ಅಂದರೆ ದಿನದ ಭತ್ಯೆ, ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಫಿಲ್ಮ್‌ನ ಹೆಚ್ಚುವರಿ ಖರ್ಚಿನ ಜಗಳ ಲೂಸಿ ದಂಪತಿಗೂ ಬಂದಿತ್ತು. ವಾರದ ಸಂಬಳದಲ್ಲಿ 1000 ಡಾಲರ್ ಬಿಟ್ಟುಕೊಟ್ಟು, ಬದಲಿಗೆ ನೆಗೆಟಿವ್‌ಗಳ ಹಕ್ಕು ಬರೆಸಿಕೊಂಡರು. ಮರುಪ್ರಸಾರದಿಂದ ದುಡ್ಡು ಹುಟ್ಟುತ್ತದೆಂದು ಚಾನೆಲ್‌ಗೆ ಆಗ ಹೊಳೆದಿರಲಿಲ್ಲ. ಈಗಿನ ಚಾನೆಲ್‌ಗಳಿಗೆ ಚೆನ್ನಾಗಿ ಹೊಳೆದಿದೆ, ಹಕ್ಕು ಮೊದಲ ದಿನವೇ ಅವರ ಹೆಸರಿಗೆ.