ಟಿ ಸೆಲ್ಲು ಯಾವ ಪೈಕಿ?

2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆ ನಡೆಯಿತು. ಅಲ್ಲಿಂದ ಬಂದ ಸುದ್ದಿಗಳಲ್ಲಿ ಒಂದು ಪಾಪ್‌ಕಾರ್ನಿನದ್ದು. ಆಗಿನ ದರ ಹೀಗಿತ್ತು. ಉಪ್ಪು ಖಾರ ಹಾಕಿ ಬಿಡಿಯಾಗಿ ಮಾರಿದರೆ 5 ಪರ್ಸೆಂಟ್. ಅದನ್ನೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ 12. ಕ್ಯಾರಮೆಲ್ ಸುರಿದರೆ ಅದು ಮಿಠಾಯಿ ಜಾತಿಗೆ ಸೇರಿತು, ಹಾಗಾಗಿ 18. ಇನ್ನೊಂದು ಸುದ್ದಿ, ಜೀನ್ ಥೆರಪಿಗೆ, ಅಂದರೆ ಸೆಲ್ಲಿನ ಜೀನನ್ನೇ ಬದಲಿಸಿ ಮಾಡುವ ಚಿಕಿತ್ಸೆಗೆ, ಜಿಎಸ್‌ಟಿ ಪೂರ್ತಿ ಮಾಫಿ ಅಂತ.

ದೇಶ ಯಾವುದರ ಬಗ್ಗೆ ಮಾತಾಡಿತು ಅಂತ ಬೇರೆ ಹೇಳಬೇಕಾ?

ಮುಂಬಯಿಯ ನಮ್ಮ ಡೊಂಬಿವಲಿ ಲೋಕಲ್ ರೈಲಿನಲ್ಲೂ ಪಾಪ್‌ಕಾರ್ನೇ. ಅರ್ಧ ಉಪ್ಪು, ಅರ್ಧ ಕ್ಯಾರಮೆಲ್ ಇರುವ ಟಬ್ಬಿಗೆ ಎಷ್ಟು? ಲೇಬಲ್ ಕಿತ್ತು ಹಾಕಿದರೆ ದರ ಇಳಿಯುತ್ತಾ? ಕಾಲಿಡಲು ಜಾಗ ಇಲ್ಲದ ಗಾಡಿಯಲ್ಲಿ ಸುಪ್ರೀಂ ಕೋರ್ಟಿನ ಮಟ್ಟದ ವಾದ. ಗಾಡಿ ಕಾಂಜುರ್‌ಮಾರ್ಗ್ ದಾಟುವಾಗಲೂ ಯಾರೂ ಕಿಟಕಿಯಾಚೆ ನೋಡಲಿಲ್ಲ. ಆ ಸ್ಟೇಷನ್ನಿನಿಂದ ಒಂದು ರಿಕ್ಷಾ ಹಿಡಿದರೆ ಪೊವಾಯಿ ಐಐಟಿ. ಕ್ಯಾನ್ಸರಿಗೆ ನಮ್ಮ ದೇಶದ್ದೇ ಆದ ಮೊದಲ ಜೀನ್ ಥೆರಪಿ ಹುಟ್ಟಿದ್ದು ಅಲ್ಲಿ. ಹೆಸರು ನೆಕ್ಸ್‌ಕಾರ್19. ಐಐಟಿ, ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ, ಜೊತೆಗೆ ಐಐಟಿಯೊಳಗೇ ಹುಟ್ಟಿದ ಇಮ್ಯುನೋಆಕ್ಟ್ ಎಂಬ ಕಂಪನಿ ಸೇರಿ ಮಾಡಿದ್ದು. 2023ರ ಅಕ್ಟೋಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಖುದ್ದು ಬಂದು ಚಾಲನೆ ಕೊಟ್ಟರು. ಆವತ್ತು ನಮ್ಮ ಗಾಡಿಯಲ್ಲಿ ಐಪಿಎಲ್ ಚರ್ಚೆ ಇತ್ತು.

ಕೆಲಸ ಹೀಗೆ. ರೋಗಿಯ ರಕ್ತ ಒಂದು ಯಂತ್ರಕ್ಕೆ ಹೋಗುತ್ತದೆ. ಯಂತ್ರ ಬಿಳಿ ಕಣಗಳನ್ನು ತಾನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತದೆ. ಅವುಗಳಲ್ಲಿ ರೋಗದ ವಿರುದ್ಧ ಹೊಡೆದಾಡುವ ಟಿ ಸೆಲ್ಲು ಎಂಬ ಕಣಗಳೊಳಗೆ ಲ್ಯಾಬಿನಲ್ಲಿ ಒಂದು ಹೊಸ ಜೀನ್ ಸೇರಿಸುತ್ತಾರೆ. ಹೊತ್ತು ಒಳಗಿಡುವ ಹಮಾಲಿ ಕೆಲಸ ಒಂದು ವೈರಸ್ಸಿನದ್ದು. ಎಚ್‌ಐವಿ ವಂಶದ್ದೇ, ಆದರೆ ಹಲ್ಲು ಕಿತ್ತದ್ದು. (ಇದು ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಇನ್ನೂ ಗೊತ್ತಾಗಿಲ್ಲ. ದಯವಿಟ್ಟು ನೀವೂ ಹೇಳಬೇಡಿ.) ಜೀನ್ ಒಳಗೆ ಕೂತ ಮೇಲೆ ಟಿ ಸೆಲ್ಲಿನ ಮೈಮೇಲೆ ಒಂದು ಕೊಕ್ಕೆ ಮೂಡುತ್ತದೆ. ಸಿಡಿ19 ಎಂಬ ಗುರುತಿರುವ ಬಿ ಸೆಲ್ಲು (ಇದು ಇನ್ನೊಂದು ಬಗೆಯ ಬಿಳಿ ಕಣ) ಕಂಡರೆ ಹಿಡಿದು ಮುಗಿಸುತ್ತದೆ. ಲುಕೇಮಿಯಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರುಗಳ ಕೆಲವು ಬಗೆಗಳಲ್ಲಿ ಕೆಟ್ಟಿರುವುದು ಇದೇ ಬಿ ಸೆಲ್ಲು. ಒಳ್ಳೆಯ ಬಿ ಸೆಲ್ಲಿನ ಮೇಲೂ ಅದೇ ಗುರುತು ಇರುವುದರಿಂದ ಪಾಪ, ಅವೂ ಹೋಗುತ್ತವೆ. ಹೀಗೆ ತಯಾರಾದ ಸೆಲ್ಲುಗಳನ್ನು ಕೋಟಿಗಟ್ಟಲೆ ಬೆಳೆಸಿ, ಫ್ರೀಜ್ ಮಾಡಿ, ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ ಡ್ರಿಪ್ ಹಾಕಿದ ಹಾಗೆ ಹಾಕುತ್ತಾರೆ. ಕೆಲವೇ ನಿಮಿಷದ ಕೆಲಸ. ಮಲ್ಟಿಪ್ಲೆಕ್ಸಿನ ಸ್ಮಾಲ್ ಟಬ್ ಈ ಚೀಲಕ್ಕಿಂತ ದೊಡ್ಡದು.

ಬೆಲೆ 30ರಿಂದ 40 ಲಕ್ಷ ರೂಪಾಯಿ. ಜಾಸ್ತಿ ಆಯ್ತು ಅನ್ನಬೇಡಿ. ಅಮೆರಿಕದಲ್ಲಿ 2017ರಲ್ಲಿ ಬಂದ ಇಂಥದೇ ಮೊದಲ ಚಿಕಿತ್ಸೆಗೆ 4,75,000 ಡಾಲರ್ ಇಟ್ಟಿದ್ದರು. ಅದರ ಮುಂದೆ ನಮ್ಮದು ಹತ್ತರಲ್ಲೊಂದು ಪಾಲು. ವಿಜ್ಞಾನಿಗಳು ತಮ್ಮ ಪಾಲಿನದ್ದು ಮಾಡಿ ಮುಗಿಸಿದ್ದಾರೆ. ಇನ್ನು ಉಳಿದದ್ದು ಫಾರಂ ತುಂಬುವವರ ಕೈಲಿ.

ಸರ್ಕಾರದ ಆಯುಷ್ಮಾನ್ ಕಾರ್ಡಿನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಅಂದರೆ ಆ ಪುಟ್ಟ ಚೀಲಕ್ಕಾಗಿ ಇಡೀ ಕುಟುಂಬ ಆರೆಂಟು ವರ್ಷ ಬೇರೆ ಯಾವ ಕಾಯಿಲೆಯನ್ನೂ ಹತ್ತಿರ ಸೇರಿಸಬಾರದು. ಕ್ಯಾನ್ಸರಿಗೂ ಅಲ್ಲಿಯವರೆಗೆ ಸ್ವಲ್ಪ ಕೂತಿರಪ್ಪಾ ಅಂತ ಹೇಳಬೇಕು. ಟಾಟಾ ಆಸ್ಪತ್ರೆ ಇರುವ ಪರೇಲಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡು, ಎಕ್ಸ್‌ರೇ ಕವರನ್ನು ತಲೆದಿಂಬಿನ ಕೆಳಗಿಟ್ಟು ಮಲಗಿರುವ ಊರ ಕಡೆಯವರಿಗೆ ಹೋಗಿ ಹೇಳಿ, ‘ನಿಮಗೆ ತೆರಿಗೆ ಸೊನ್ನೆ ಮಾಡಿದ್ದಾರೆ ಕಣ್ರೀ’ ಅಂತ. ಕೊಳ್ಳಲಾಗದ ಸಾಮಾನಿನ ಮೇಲೆ ತೆರಿಗೆ ಉಳಿಯುವುದು ಸಣ್ಣ ಭಾಗ್ಯವೇನಲ್ಲ.

ಹಾಗಾದರೆ ಇನ್ಶೂರೆನ್ಸ್? ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಮಾಡಿತು. ಅದರಲ್ಲಿ ರೋಬೋಟ್ ಸರ್ಜರಿ ಇದೆ. ಅಸ್ಥಿಮಜ್ಜೆ ಕಸಿಗೆ ಸ್ಟೆಮ್ ಸೆಲ್ ಇದೆ. ಇಮ್ಯುನೋಥೆರಪಿಯೂ ಇದೆ, ಆದರೆ ಇಂಜೆಕ್ಷನ್ನಾಗಿ ಕೊಡುವ ಮೊನೋಕ್ಲೋನಲ್ ಆಂಟಿಬಾಡಿ, ಅಂದರೆ ಲ್ಯಾಬಿನಲ್ಲಿ ಮಾಡಿದ ಪ್ರೋಟೀನಿನ ಔಷಧ ಮಾತ್ರ. ಟಿ ಸೆಲ್ಲು ಆಗ ಇನ್ನೂ ಈ ದೇಶದಲ್ಲಿ ಮಾರಾಟಕ್ಕೇ ಬಂದಿರಲಿಲ್ಲ, ತಡವಾಗಿ ಹುಟ್ಟಿದ್ದು ಅದರದ್ದೇ ತಪ್ಪು. ಮಾಟುಂಗದ ಒಂದು ಹೋಟೆಲಿನ ಶೆಟ್ರು ತಮ್ಮ ಪಾಲಿಸಿಯಲ್ಲಿ ಇದು ಬರುತ್ತಾ ಅಂತ ಏಜೆಂಟರನ್ನು ಕೇಳಿದರು. ಏಜೆಂಟರು ಹುಬ್ಬಳ್ಳಿ ಕಡೆಯವರು, ಸುಳ್ಳು ಹೇಳುವವರಲ್ಲ.

‘ಅದು ಮದ್ದು ಅಲ್ವಾ ಮಾರಾಯ್ರೆ?’

‘ಔಷಧ ಅಂದ್ರ ಅಂಗಡ್ಯಾಗ ಸಿಗಬೇಕ್ರಿ ಶೆಟ್ರ. ಇದು ನಿಮ್ದ ರಕ್ತ. ನಿಮ್ಮ ಸಾಮಾನು ನಿಮಗ ವಾಪಸ್ ಕೊಟ್ರ ಕ್ಲೇಮ್ ಹ್ಯಾಂಗ ಆಗ್ತದ?’

‘ಹಾಗಾದ್ರೆ ಆಪರೇಷನ್ ಅಂತ ಬರೀರಿ.’

‘ಎಲ್ಲೂ ಕೊಯ್ದಿಲ್ಲಲ್ರಿ.’

‘ಕಸಿ ಅಂತ?’

‘ದಾನಿ ಯಾರು? ಕೊಡಾವ್ರೂ ನೀವ, ತಗೊಳಾವ್ರೂ ನೀವ. ಅದನ್ನ ನೋಡಿದ್ರ ಫ್ರಾಡ್ ಡಿಪಾರ್ಟ್‌ಮೆಂಟಿನವ್ರು ಫೋನ್ ಮಾಡ್ತಾರ.’

‘ಸರ್ಕಾರ ಒಪ್ಪಿಗೆ ಕೊಟ್ಟದ್ದು ಮಾರಾಯ್ರೆ!’

‘ಸರ್ಕಾರ ಒಪ್ಪೇದ. ನಮ್ಮ ಪಿಡಿಎಫ್ ಒಪ್ಪಿಲ್ಲ. ಮತ್ತ ಇನ್ನೊಂದ್ ತೊಂದರಿ ಐತ್ರಿ. ಈ ಟಿ ಸೆಲ್ಲು ನಿಮ್ಮ ಮೈಯಾಗ ಯಾವಾಗಿಂದ ಐತಿ?’

‘ಹುಟ್ಟಿದಾಗಿನಿಂದ ಇರಬೇಕಲ್ಲ.’

‘ನೋಡ್ರಿ ಮತ್ತ. ಪ್ರಿ-ಎಕ್ಸಿಸ್ಟಿಂಗ್.’

ಶೆಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಹೋಟೆಲಿನಲ್ಲಿ 2020ರಿಂದ ‘ಇಮ್ಯುನಿಟಿ ರಸಂ’ ಇದೆ. ಹಿಂದೆ ಅದರ ಹೆಸರು ರಸಂ. ಆ ವರ್ಷ ಇಮ್ಯುನಿಟಿ ಎಲ್ಲ ಕಾಲಮ್ಮಿಗೂ ಹೊಂದಿಕೊಂಡಿತ್ತು. ಮಧ್ಯಪ್ರದೇಶದ ಸರ್ಕಾರಿ ಕೈಮಗ್ಗ ನಿಗಮ ಇಮ್ಯುನಿಟಿ ಹೆಚ್ಚಿಸುವ ಸೀರೆ ಮಾರಿತು. ಕೋಲ್ಕತ್ತಾದಲ್ಲಿ ಇಮ್ಯುನಿಟಿ ಸಂದೇಶ್ ಎಂಬ ಮಿಠಾಯಿ ಬಂತು. ಇಲ್ಲೇ ಪಕ್ಕದ ಭಿವಂಡಿಯ ಹಾಸಿಗೆ ವ್ಯಾಪಾರಿಯೊಬ್ಬ ಕೊರೊನಾ ತಡೆಯುವ ಹಾಸಿಗೆ ಅಂತ ಜಾಹೀರಾತು ಕೊಟ್ಟು ಪೊಲೀಸ್ ಕೇಸು ಹಾಕಿಸಿಕೊಂಡ. ಪಾಪ, ಅವನು ಮಲಗುವ ವಸ್ತುವಿಗೆ ಹೇಳಿದ, ಉಡುವ ವಸ್ತುವಿಗೆ ಹೇಳಿದ್ದರೆ ನಿಗಮ ಆಗುತ್ತಿತ್ತು.

ಇಮ್ಯುನಿಟಿ ನಿಜವಾಗಿ ಜೋರಾದರೆ ಏನಾಗುತ್ತೆ ಅಂತ ಟಿ ಸೆಲ್ ಹಾಕಿಸಿಕೊಂಡವರನ್ನು ಕೇಳಬೇಕು. ಜ್ವರ ನೆತ್ತಿಗೇರುತ್ತದೆ, ಬಿಪಿ ಕುಸಿಯುತ್ತದೆ, ಕೆಲವರನ್ನು ಐಸಿಯುಗೆ ಸಾಗಿಸಬೇಕಾಗುತ್ತದೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ಸಾವಿನ ಬಾಗಿಲಿಗೆ ಹೋಗಿದ್ದು ಹೀಗೇ. ಕಾರ್ಲ್ ಜೂನ್ ಎಂಬ ವಿಜ್ಞಾನಿಗೆ ಟೊಸಿಲಿಜುಮಾಬ್ ಎಂಬ ಸಂಧಿವಾತದ ಔಷಧಿ ಗೊತ್ತಿತ್ತು, ಯಾಕಂದರೆ ಅವರ ಮಗಳಿಗೇ ಆ ಕಾಯಿಲೆ. ಅದನ್ನು ಕೊಟ್ಟು ಇಮ್ಯುನಿಟಿಯನ್ನು ತಣ್ಣಗೆ ಮಾಡಿದ ಮೇಲೆ ಮಗು ಬದುಕಿತು. ಶೆಟ್ರ ರಸಂ ಕುಡಿದು ಇದುವರೆಗೆ ಯಾರೂ ಐಸಿಯು ಸೇರಿಲ್ಲ. ನೆಮ್ಮದಿಯ ವಿಷಯ.

ಇಷ್ಟೆಲ್ಲ ಗೊತ್ತಾಗಿದ್ದು ನಮ್ಮ ಉಪನಗರದ ಒಂದು ಕನ್ನಡ ಸಂಘದಲ್ಲಿ. ಮುಂಬಯಿಯಲ್ಲಿ ನಮ್ಮ ಸಂಘಗಳಿಗೆ ಬರವಿಲ್ಲ. ಜಾತಿಗೊಂದು, ಊರಿಗೊಂದು, ಜಗಳಕ್ಕೊಂದು. ಕಷಾಯದ ಬಗ್ಗೆ ಮಾತಾಡಿದವರಿಗೆ ಒಂದೂವರೆ ಗಂಟೆ, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಒಬ್ಬ ಡಾಕ್ಟರಿಗೆ ಊಟಕ್ಕೆ ಮುಂಚಿನ ಹತ್ತು ನಿಮಿಷ. ಅವರು ಬೇಗ ಬೇಗ ಹೇಳಿದರು. ಪೊವಾಯಿಯಲ್ಲಿ ಜೀನ್ ಸೇರಿಸುತ್ತಾರೆ, ಇನ್ನೂ ಮುಂದೆ ಹೋದವರು ಸೆಲ್ಲಿನೊಳಗಿನ ಜೀನನ್ನೇ ತಿದ್ದುತ್ತಿದ್ದಾರೆ. 2022ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 13 ವರ್ಷದ ಹುಡುಗಿಯೊಬ್ಬಳಿಗೆ ಯಾರೋ ದಾನಿಯ ಟಿ ಸೆಲ್ಲು ಕೊಟ್ಟರು. ಅವಳಿಗಿದ್ದದ್ದು ಟಿ ಸೆಲ್ಲಿನದ್ದೇ ಲುಕೇಮಿಯಾ. ಪರರ ಟಿ ಸೆಲ್ಲು ಸುಮ್ನೆ ಒಳಗೆ ಹೋದರೆ ರೋಗಿಯ ಇಡೀ ಮೈಮೇಲೆ ದಂಡೆತ್ತಿ ಹೋಗುತ್ತದೆ. ಕಂಡಕಂಡವರನ್ನು ‘ನೀವು ಯಾವ ಪೈಕಿ?’ ಅಂತ ವಿಚಾರಿಸುವ ಒಂದು ಅಂಗ ಅದಕ್ಕಿದೆ. ಆ ಅಂಗವೇ ಮೂಡದ ಹಾಗೆ ಜೀನಿನ ಒಂದು ಅಕ್ಷರ ತಿದ್ದಿದರು. ಇಲ್ಲಿ ಕೊಕ್ಕೆ ಹುಡುಕುವುದು ಟಿ ಸೆಲ್ಲಿನ ಮೇಲಿರುವ ಸಿಡಿ7 ಎಂಬ ಗುರುತನ್ನು, ಹಾಗಾಗಿ ಕೊಟ್ಟ ಸೆಲ್ಲುಗಳು ತಮ್ಮ ತಮ್ಮಲ್ಲೇ ಹೊಡೆದಾಡದಂತೆ ಅವುಗಳ ಮೇಲಿನ ಆ ಗುರುತನ್ನೂ ಅಳಿಸಿದರು. ಈಗ ಒಬ್ಬರ ಸೆಲ್ಲು ಇನ್ಯಾರಿಗೋ ಕೊಡಬಹುದು, ಮೊದಲೇ ಮಾಡಿ ಕಪಾಟಿನಲ್ಲಿ ಇಡಬಹುದು, ಬೆಲೆಯೂ ಮುಂದೆ ಇಳಿಯಬಹುದು ಅಂದರು.

ಸಭೆ ಗಂಭೀರವಾಗಿ ಕೇಳಿತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. ‘ಡಾಕ್ಟ್ರೇ, ಯಾರದ್ದಾದರೂ ಆಗುತ್ತೆ ಅಂದ್ರಿ. ನಮ್ಮವರದ್ದೇ ಬೇಕು ಅಂದರೆ ಸಿಗೋದಿಲ್ವಾ?’

ಡಾಕ್ಟರು ಅದೇ ಅಂಗ, ಅದೇ ಅಕ್ಷರ ಅಂತ ಮತ್ತೊಮ್ಮೆ ವಿವರಿಸಿದರು. ಹಿರಿಯರು ತಲೆದೂಗಿ, ‘ಅದು ಸರಿ, ಆದರೂ’ ಅಂದರು. ಸಭೆಗೆ ಆ ‘ಆದರೂ’ ಹಿಡಿಸಿತು. ಅಲ್ಲೇ ಒಂದು ಉಪಸಮಿತಿ ಹುಟ್ಟಿತು. ಸಂಘದ್ದೇ ಸೆಲ್ ಬ್ಯಾಂಕ್ ಮಾಡುವುದು, ದಾನಿಗಳ ಫಾರಂ ವಧುವರರ ಕೇಂದ್ರದಲ್ಲಿ ಹೇಗೂ ಉಳಿದಿದೆ, ಗೋತ್ರ, ಮೂಲ ಊರು, ಮನೆದೇವರು ಎಲ್ಲ ಅದರಲ್ಲೇ ಇದೆ, ‘ಎತ್ತರ’ ಅಂತ ಇದ್ದ ಕಡೆ ‘ಬ್ಲಡ್ ಗ್ರೂಪ್’ ಅಂತ ತಿದ್ದಿದರೆ ಸಾಕು. ಮಹಿಳಾ ವಿಭಾಗದವರು ಮಾಂಸಾಹಾರಿಗಳ ಸೆಲ್ಲು ಎಲ್ಲಿಡುತ್ತೀರಿ ಅಂತ ಕೇಳಿದರು. ಸೊನ್ನೆಗಿಂತ ನೂರೈವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಎಲ್ಲವೂ ಒಂದೇ ಅಂತ ಡಾಕ್ಟರು ಹೇಳುವಷ್ಟರಲ್ಲಿ ಖಜಾಂಚಿಯವರು ಎದ್ದು ನಿಂತಿದ್ದರು. ಠರಾವು ಸರ್ವಾನುಮತದಿಂದ ಪಾಸಾಯಿತು. ಫ್ರೀಜರ್ ಎರಡು, ಕರೆಂಟ್ ಬಿಲ್ ಮಾತ್ರ ಒಟ್ಟಿಗೆ.