ನಾಲ್ಕು ಗಂಟೆಗೆ ಕಾಫಿ ಕೇಳಬಾರದಂತೆ

ಮೆಲ್ಬರ್ನ್ ಅಂದರೆ ಕಾಫಿ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿಯವರು ಎಸ್ಪ್ರೆಸೊ ರುಚಿ ಹತ್ತಿಸಿದ ಊರು ಅದು. ಬೆಳಗ್ಗೆ ಡಿಗ್ರೇವ್ಸ್ ಸ್ಟ್ರೀಟ್‌ಗೆ ಹೋದರೆ ಘಮಘಮ. ಆದರೆ ನಮಗೆ ಕಾಫಿ ಬೇಕಾಗುವುದು ಯಾವಾಗ? ಸಂಜೆ ನಾಲ್ಕಕ್ಕೆ, ಅಲ್ವಾ? ಅಷ್ಟೊತ್ತಿಗೆ ಎಷ್ಟೋ ಕೆಫೆಗಳು ಬಾಗಿಲು ಹಾಕಿರುತ್ತವೆ. ಕೆಲವು ಮೂರಕ್ಕೇ ಬಂದ್!

ಮೊನ್ನೆ ಅಲ್ಲಿನ ಫಿಟ್ಜ್‌ರಾಯ್ ಬಡಾವಣೆಯಲ್ಲಿ ಅಲೆದು ಅಲೆದು ಕಾಲು ಸೋತಿತ್ತು. ಒಂದು ಕೆಫೆಯಲ್ಲಿ ದೀಪ ಉರಿಯುತ್ತಿತ್ತು. ಖುಷಿಯಿಂದ ಬಾಗಿಲು ತಳ್ಳಿದರೆ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗು. ನೆಲ ಒರೆಸುತ್ತಿದ್ದ ಹುಡುಗ ನಗುನಗುತ್ತಲೇ ‘ಸಾರಿ, ಮಷೀನ್ ತೊಳೆದಾಯ್ತು’ ಅಂದ. ಅವನದೇನೂ ತಪ್ಪಿಲ್ಲ, ಬೆಳಗ್ಗೆ ಬೇಗ ಬಂದಿರುತ್ತಾನೆ ಪಾಪ.

ಆದರೂ ಕೇಳುತ್ತೇನೆ. ಜನವರಿಯಲ್ಲಿ ಅಲ್ಲಿ ಬೇಸಿಗೆ, ಸೂರ್ಯ ಮುಳುಗುವುದೇ ರಾತ್ರಿ 8.30 ದಾಟಿದ ಮೇಲೆ. ಇನ್ನೂ ನಾಲ್ಕು ತಾಸಿಗಿಂತ ಜಾಸ್ತಿ ಬೆಳಕಿರುವಾಗ ಅಂಗಡಿ ಮುಚ್ಚುವುದು ಯಾವ ನ್ಯಾಯ? ಭಾನುವಾರ ಹೋದರೆ ಹಲವು ಕಡೆ ಬಿಲ್ಲಿನ ಮೇಲೆ ಶೇ. 10 ಹೆಚ್ಚುವರಿ ಬೇರೆ. ಬಿಯರ್ ಬೇಕಾ? ಮಧ್ಯರಾತ್ರಿವರೆಗೂ ಧಾರಾಳ.

ಕೊನೆಗೆ ಮೂಲೆಯಂಗಡಿಯಲ್ಲಿ ಗುಂಡಿ ಒತ್ತುವ ಮಷೀನಿನ ಕಾಫಿ ಕುಡಿದೆ. ಅದೂ ಮೆಲ್ಬರ್ನ್‌ನಲ್ಲಿ!