ಮೂರು ಮಾತ್ರೆ, ಔಷಧಿ ಒಂದೇ

ಸಕಲೇಶಪುರದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಊರಿಗೆ ಹೋದಾಗ ಅಮ್ಮ ಜ್ವರ ಬಂದು ಕಂಬಳಿ ಹೊದ್ದು ಕೂತಿದ್ದರು. "ಮಾತ್ರೆ ತಗೊಂಡ್ಯಾಮ್ಮ?" ಅಂದೆ.

"ತಗೊಂಡೆ ಕಣೋ. ಬಿಳೀದು ಜ್ವರಕ್ಕೆ, ಹಳದಿ ನೆಗಡಿಗೆ, ಆ ದಪ್ಪಂದು ಮಂಡಿಗೆ."

ಮಾತ್ರೆ ಇಡುವ ಹಳೇ ಬಿಸ್ಕತ್ ಡಬ್ಬ ತೆಗೆದು ನೋಡಿದೆ. ಒಳಗೆಲ್ಲ ಅಂಗಡಿಯವರು ಕತ್ತರಿ ಹಾಕಿದ ಸ್ಟ್ರಿಪ್ಪಿನ ತುಂಡುಗಳು. ಒಂದರಲ್ಲಿ ಹೆಸರಿನ ಕೊನೇ ಎರಡಕ್ಷರ, ಇನ್ನೊಂದರಲ್ಲಿ ಬರೀ ಬೆಲೆ. ತುಂಡಿಗೆ ತುಂಡು ಜೋಡಿಸಿ, ಟಾರ್ಚ್ ಬಿಟ್ಟು ಓದಿದೆ. ಮೂರರಲ್ಲೂ ಪ್ಯಾರಸಿಟಮಾಲ್!

ಜ್ವರದ್ದು 650 ಮಿಲಿಗ್ರಾಂ, ಮೂರು ಸಲ. ನೆಗಡಿ ಮಾತ್ರೆಯಲ್ಲಿ 500, ಅದೂ ಮೂರು ಸಲ. ಮಂಡಿಯದರಲ್ಲಿ 325, ಎರಡು ಸಲ. ಕೂಡಿದರೆ 4,100. ದೊಡ್ಡವರಿಗೆ 24 ಗಂಟೆಗೆ 4,000 ಅನ್ನುವುದೇ ಕೊನೇ ಗೆರೆ. ಅಮ್ಮ ಇರುವುದೇ 45 ಕೆ.ಜಿ. ಅಷ್ಟು ಸಣ್ಣ ಮೈಯವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಆ ಗೆರೆ ಇನ್ನೂ ಕೆಳಗೆ.

ಆ ರಾತ್ರಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ನನಗೇನೂ ಆಗಿಲ್ವಲ್ಲೋ" ಅಂತ ದಾರಿಯುದ್ದಕ್ಕೂ ಗೊಣಗಾಟ. ಇದರ ಮೋಸ ಇರುವುದೇ ಅಲ್ಲಿ. ಡೋಸ್ ಜಾಸ್ತಿಯಾದರೂ ಮೊದಲ ದಿನ ಏನೂ ಅನಿಸದೇ ಇರಬಹುದು, ಹೆಚ್ಚೆಂದರೆ ವಾಕರಿಕೆ, ಸುಸ್ತು. ಅಷ್ಟರಲ್ಲಿ ಒಳಗೆ ಲಿವರ್ ಕೆಡುತ್ತಿರುತ್ತದೆ. ಮದ್ದಿದೆ, ಆದರೆ ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಪುಣ್ಯಕ್ಕೆ ಅಮ್ಮನ ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು.

ಡಾಕ್ಟರು ಬೈದಿದ್ದು ಮಾತ್ರ ಮಂಡಿ ಮಾತ್ರೆಗೆ. ಅದು ಹೋದ ವರ್ಷ ಬರೆಸಿದ್ದು, ಉಳಿದಿತ್ತು. ಅದರಲ್ಲಿ ಪ್ಯಾರಸಿಟಮಾಲ್ ಜೊತೆ ಬೇರೆ ನೋವಿನ ಔಷಧಿಯೂ ಇತ್ತು. ನಮ್ಮ ಕಡೆ ಜ್ವರ ಅಂದರೆ ಡೆಂಗಿಯೋ, ಕೊಪ್ಪ-ಶೃಂಗೇರಿ ಕಡೆಯಾದರೆ ಮಂಗನ ಕಾಯಿಲೆಯೋ, ಯಾರಿಗೆ ಗೊತ್ತು? ಎರಡರಲ್ಲೂ ರಕ್ತಸ್ರಾವದ ಭಯ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಔಷಧಿಗಳು ಅದನ್ನು ಇನ್ನೂ ಹೆಚ್ಚಿಸುತ್ತವೆ. ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಒಂದೇ, ಅದೂ ಅಳತೆಯಲ್ಲಿ.

ಮಕ್ಕಳಿಗೆ ತೂಕದ ಲೆಕ್ಕ, ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120ರದ್ದೂ ಇದೆ, 250ರದ್ದೂ ಇದೆ. ಬಾಟಲಿ ಬದಲಾದರೆ ಅದೇ ಮುಚ್ಚಳದಲ್ಲಿ ಡಬಲ್ ಡೋಸ್. ಅಡುಗೆಮನೆ ಚಮಚವಂತೂ ಬೇಡವೇ ಬೇಡ.

ನನಗೆ ಸಿಟ್ಟು ಬರುವುದು ಆ ಕತ್ತರಿ ಮೇಲೆ. ನಾಲ್ಕೇ ಮಾತ್ರೆ ಕೇಳುವವರು ನಾವೇ, ನಿಜ. ಆದರೂ ಹೆಸರು, ಮಿಲಿಗ್ರಾಂ, ತಾರೀಖು ಎಲ್ಲ ಅಂಗಡಿಯಲ್ಲೇ ಉಳಿದು ಬರೀ ಗುಳಿಗೆ ಮನೆಗೆ ಬಂದರೆ ಹೇಗೆ? ಈಗ ಪೂರ್ತಿ ಸ್ಟ್ರಿಪ್ಪೇ ತರುತ್ತೇನೆ, ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ ಬರೆದಿಡುತ್ತೇನೆ.

ನಿನ್ನೆ ಅಮ್ಮನ ಫೋನು. "ಬೆಳಗ್ಗೆಯಿಂದ 1,300 ಆಯ್ತು ಕಣೋ. ಮೆಣಸಿನ ಕಷಾಯಕ್ಕೂ ಲೆಕ್ಕ ಇದೆಯಾ?"